ನಕ್ಷತ್ರ ಹಾಕದ ಗೆರೆಗಳು

ಚಿತ್ತವಾಡ್ಗಿ, ಹೊಸಪೇಟೆ

ಮನೆಯೊಡತಿ ಕೊಟ್ರಬಸಮ್ಮನವರಿಗೆ ನಮಸ್ಕಾರ.

"ಅಮಾಸಿ ದಿನ ಗೋಡಿ ತುಂಬ ನಕ್ಷತ್ರ ಬರದು ಏನೋ ಮಂತ್ರ ಹೇಳಾಕತ್ತೀಯಲ್ಲ, ನಮ್ಮ ಮನ್ಯಾಗ ಮಾಟ ಬ್ಯಾಡವ್ವ. ಸುಣ್ಣ ಹೊಡಸ್ತೀನಿ, ರೂಮು ಖಾಲಿ ಮಾಡು" ಎಂದು ನಿನ್ನೆ ಬಾಗಿಲಲ್ಲೇ ಹೇಳಿ ಹೋದಿರಿ. ನಾನು ಖಾಲಿ ಮಾಡುವುದಿಲ್ಲ. ಭಾಷಾವಿಜ್ಞಾನದ ಪರೀಕ್ಷೆ ಮುಗಿಯುವವರೆಗೆ ಇಲ್ಲೇ ಇರುತ್ತೇನೆ.

ನಾನು ಬಾಯಿಪಾಠ ಮಾಡುತ್ತಿದ್ದದ್ದು ಒಂದು ಕ್ರಿಯಾಪದ. ಫೆರೋ, ಫೆರೆಸ್, ಫೆರೆತ್. ಹೊರುತ್ತೇನೆ, ಹೊರುತ್ತೀಯ, ಹೊರುತ್ತಾಳೆ. ಇಟಲಿಯಲ್ಲಿ ಲ್ಯಾಟಿನ್‌ಗೂ ಮೊದಲಿದ್ದ ಭಾಷೆಯದು. ಅದನ್ನು ಯಾರೂ ಬರೆದಿಟ್ಟಿಲ್ಲ, ಕೇಳಿದವರು ಒಬ್ಬರೂ ಉಳಿದಿಲ್ಲ. ಅದರಿಂದ ಹುಟ್ಟಿದ ಭಾಷೆಗಳಲ್ಲಿ ಉಳಿದ ಗುರುತು ನೋಡಿ, ಹೀಗೇ ಇದ್ದಿರಬೇಕು ಎಂದು ಕಟ್ಟಿಕೊಳ್ಳುತ್ತೇವೆ. ಅಂಥ ಪದದ ಮುಂದೆ ನಕ್ಷತ್ರ ಹಾಕುವುದು ನಮ್ಮ ಪದ್ಧತಿ. ನೀವು ಹೆದರಿದ್ದು ಅದಕ್ಕೆ.

ನನ್ನ ಸೀಮೆಸುಣ್ಣದ ಬರಹವನ್ನು ನಾನೇ ಒರೆಸುತ್ತೇನೆ. ಬೇಕಾದರೆ ಸುಣ್ಣವನ್ನೂ ಹೊಡೆಸಿ. ಆದರೆ ಬಾಗಿಲ ಹಿಂದಿನ ಗೋಡೆಯನ್ನು ಮಾತ್ರ ಮುಟ್ಟಲು ಬಿಡುವುದಿಲ್ಲ. ಅಲ್ಲಿ ಯಾವುದೋ ಮಗುವಿನ ಎತ್ತರ ಅಳೆದ ಪೆನ್ಸಿಲ್ ಗೆರೆಗಳಿವೆ. ಕೊನೆಯ ಗೆರೆ ನನ್ನ ಸೊಂಟದ ಹತ್ತಿರ ನಿಂತುಬಿಟ್ಟಿದೆ. ನಾನು ಬಂದ ದಿನ ನೀವು "ನಮಗ ಮಕ್ಕಳಿಲ್ಲವ್ವ" ಎಂದಿದ್ದಿರಿ. ಆಗ ನಾನು ಏನೂ ಕೇಳಲಿಲ್ಲ, ಈಗಲೂ ಕೇಳುತ್ತಿಲ್ಲ.

ಆ ಗೆರೆಗಳ ಮುಂದೆ ನಾನು ನಕ್ಷತ್ರ ಹಾಕಿಲ್ಲ. ಆ ಮಗುವಿನ ದನಿ ಕೇಳಿದವರು ಕೆಳಗೆ ನಿಮ್ಮ ಮನೆಯಲ್ಲೇ ಇದ್ದಾರೆ.

ನಿಮ್ಮ ಮಾಳಿಗೆ ಕೋಣೆಯ,
ಗಂಗೋತ್ರಿ