ಭೈರವಿಯಿಂದ ಶುರುವಾದ ಸಂಜೆ

ಹಾನಗಲ್ಲ
ಭಾನುವಾರ ಬೆಳಿಗ್ಗೆ, 9 ಫೆಬ್ರವರಿ 2025

ನನ್ನ ಹುಚ್ಚು ಮಾಹೀರಾ,

ಫೋನು ಯಾಕೆ ಬಂದ್ ಮಾಡಿಕೊಂಡು ಕೂತಿದ್ದೀಯೇ? ಎಷ್ಟು ಸಲ ಹಚ್ಚಿದರೂ ಅದೇ ಹೆಂಗಸಿನ ಧ್ವನಿ, ಸ್ವಿಚ್ ಆಫ್ ಅಂತ. ಗೊತ್ತು ಬಿಡು, ವಾಟ್ಸಾಪಿನಲ್ಲಿ ಆ ವಿಡಿಯೋ ನೋಡಿದ್ದೀ. ನಾನು ನಿನ್ನ ಹಾಡು ಹಾಡುತ್ತಿದ್ದೇನೆ, ಜನ ಎದ್ದು ಚಪ್ಪಲಿ ಹುಡುಕುತ್ತಿದ್ದಾರೆ. ನೀನು ಹಾಕಿದ ಶರತ್ತು ನನಗೆ ನೆನಪಿದೆ: ಜನ ನಡುವೆ ಎದ್ದರೆ ನಿನ್ನ ಹಾರ್ಮೋನಿಯಂ ಪೇಟಿ ಶಿಗ್ಗಾಂವಿಯ ಭಜನಾ ಮಂಡಳಿಗೆ, ಹಾಡು ಕಟ್ಟುವುದು ಅಲ್ಲಿಗೆ ಬಂದ್. ಸುಳ್ಳು ಯಾಕೆ ಹೇಳಲಿ, ಎದ್ದರು. ಮುಂದಿನ ಸಾಲಿನವರನ್ನು ಬಿಟ್ಟು ಇಡೀ ಕಲ್ಯಾಣ ಮಂಟಪವೇ ಎದ್ದಿತು. ಆದರೆ ಆ ವಿಡಿಯೋ ಅರ್ಧಕ್ಕೇ ನಿಂತಿದೆ ಮಾರಾಯ್ತಿ! ಆ ಮಂಡಳಿಯವರು ಇವತ್ತು ಮಧ್ಯಾಹ್ನವೇ ಬರುವವರಲ್ಲವೇ? ಅದಕ್ಕೇ ಗಡಬಡಿಸಿ ಬರೆದು ನಮ್ಮ ತಬಲಾದ ಪ್ರಶಾಂತನ ಕೈಯಲ್ಲಿ ಕಳಿಸುತ್ತಿದ್ದೇನೆ. ಪೂರ್ತಿ ಓದು. ಕೊನೆಯ ಸಾಲಿನವರೆಗೂ ಓದದೆ ಎದ್ದೀಯಾ ನೋಡು ಮತ್ತೆ.

ಎಷ್ಟು ಖುಷಿಯಾಗಿದೆ ಎಂದರೆ ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ನಿನಗೆ ಗೊತ್ತಲ್ಲ, ನಾನು ಮೊದಲ ಸಲ ಹಿರೇಕೆರೂರಿನಲ್ಲಿ ಹಾಡಿದಾಗ ಮಾಸ್ತರರು ಕಲಿಸಿದ ಹಳೇ ಧ್ರುಪದ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಆಮೇಲೆ ಪುಣೆ ಆಯಿತು, ಮುಂಬೈ ಆಯಿತು, ಇಂದಿನವರು ಕಟ್ಟಿದ್ದನ್ನೂ ಹಾಡತೊಡಗಿದೆ. ಅಲ್ಲಿ ಹೊಸದು ಎಂದರೆ ಸಾಕು, ಕೇಳುವ ಮೊದಲೇ ಚಪ್ಪಾಳೆ. ನಮ್ಮ ಹಾನಗಲ್ಲಿನ ಮಂದಿ ಹಾಗಲ್ಲ. ನಿನ್ನೆ ವೇದಿಕೆ ಹತ್ತಿದವಳು ತಂಬೂರಿಯನ್ನು ಎರಡೆರಡು ಸಲ ಶ್ರುತಿ ಮಾಡಿದೆ, ಯಾಕೆಂದರೆ ಮುಂದಿನ ಸಾಲಿನಲ್ಲಿ ಉಳವಪ್ಪ ಮಾಸ್ತರರು ಕೂತಿದ್ದರು.

ಅವರ ಹೆಸರು ಬರೆದ ಕೂಡಲೇ ನಿನ್ನ ಮುಖ ಗಂಟಾಯಿತು ಅಲ್ಲವೇ? ಆಗಲಿ. ಇಬ್ಬರಿಗೂ ಸಾ ಹಿಡಿಯಲು ಕಲಿಸಿದವರು ಅವರೇ. ಗಂಟಲಿನ ಆಪರೇಷನ್ನಾಗಿ ನಿನ್ನ ಧ್ವನಿ ಹೋದಾಗ ನೋಡಲು ಬಂದವರು, "ಕಂಠ ಇಲ್ಲಂದ ಮ್ಯಾಲೆ ಪೇಟಿ ಯಾಕ ತೊಡಿಮ್ಯಾಲೆ ಇಟಗೊಂಡು ಕುಂತೀವಾ?" ಎಂದುಬಿಟ್ಟರು. ಅಂದಿನಿಂದ ನೀನು ಅವರ ಮನೆಯ ಹೊಸ್ತಿಲು ತುಳಿದಿಲ್ಲ. ನಾನೇನೂ ಅವರ ಪರ ವಹಿಸುತ್ತಿಲ್ಲ. ಆ ಮಾತು ಕೇಳಿ ನನಗೂ ಸಿಟ್ಟು ನೆತ್ತಿಗೇರಿತ್ತು.

ಇನ್ನು ನಿನ್ನೆಯದು ಕೇಳು. ಮೊದಲು ಹಳೆಯದೆಲ್ಲ ಹಾಡಿದೆ. ಧ್ರುಪದ ಆಯಿತು, ಮಾಸ್ತರರ ಗುರುಗಳ ಕಾಲದ ಒಂದು ಖಯಾಲ್ ಆಯಿತು. ಜನ ತೂಗಿ ತೂಗಿ ಕೇಳಿದರು. ಇನ್ನು ನಿನ್ನ ಹಾಡು ಎಂದು ಕಣ್ಣು ಮುಚ್ಚಿ ಭೈರವಿ ಎತ್ತಿದೆ ನೋಡು, ಕುರ್ಚಿಗಳು ಕರಕರ ಎಂದವು!

ಅಯ್ಯೋ, ನಾವಿಬ್ಬರೂ ಎಂಥ ಪೆದ್ದಿಗಳೇ! ಭೈರವಿ ಹಾಡಿದರೆ ಕಾರ್ಯಕ್ರಮ ಮುಗಿಯಿತು, ಅದರ ಮೇಲೆ ಯಾರೂ ಬಾಯಿ ತೆರೆಯುವಂತಿಲ್ಲ ಎಂಬುದು ಇಲ್ಲಿನ ಸಣ್ಣ ಮಕ್ಕಳಿಗೂ ಗೊತ್ತು. ಮುಂಜಾವಿನ ಭೈರವಿಯಿಂದ ಶುರುವಾಗಿ ಸಂಜೆಯ ಯಮನ ರಾಗಕ್ಕೆ ಹಿಂದೆ ಹಿಂದೆ ನಡೆಯುವ ಹಾಡು ಕಟ್ಟಿದೆ ನೀನು. ತಿಂಗಳುಗಟ್ಟಲೆ ನಿನ್ನ ಪೇಟಿಯ ಮುಂದೆ ಕೂತು ಕಲಿತೆ ನಾನು. ಕೇಳುವವರು ಎದ್ದು ಹೋದಾರು ಎಂಬುದು ಇಬ್ಬರ ತಲೆಗೂ ಹೊಳೆಯಲಿಲ್ಲವಲ್ಲ! ಅದರಲ್ಲೂ ನೀನು ಬರೆದ ಸಾಲು ಯಾವುದು? "ಇರು ಗೆಳತಿ, ಈಗಷ್ಟೇ ಸಂಜಿ." ನಾನು ಇರು ಇರು ಎಂದು ಹಾಡುತ್ತಿದ್ದೇನೆ, ಹೆಂಗಸರು ನಿದ್ದೆಗಣ್ಣಿನ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಹೊರಟಿದ್ದಾರೆ.

ಮೈಲಾರಪ್ಪ, ಕಾರ್ಯಕ್ರಮ ಇಟ್ಟವನು, ಶಾಲು ಹಾರ ಹಿಡಿದು ವೇದಿಕೆ ಹತ್ತಿದ. ಹಾಡುತ್ತಿದ್ದವಳಿಗೇ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟು, ಫೋಟೋಕ್ಕೆ ಹಲ್ಲು ಕಿರಿದು ನಿಂತ. ನಾನು ಗಾಂಧಾರ ಸ್ವರ ಎಳೆದು ಹಿಡಿದಿದ್ದೆ, ಅಲುಗುವಂತಿಲ್ಲ. ಮೈಕಿನ ಹುಡುಗನೂ ಮುಗಿಯಿತೆಂದು ಮೊಬೈಲು ಜೇಬಿಗಿಳಿಸಿ ವಾಯರು ಸುತ್ತತೊಡಗಿದ. ನೀನು ನೋಡಿದ ವಿಡಿಯೋ ಅವನದೇ. ಪ್ರಶಾಂತ ತಬಲಾ ಬಿಡದೆ, ನಿಲ್ಲಿಸೋಣವೇ ಎಂದು ಕಣ್ಣಲ್ಲೇ ಕೇಳಿದ. ನಿಜ ಹೇಳಲೇ? ಆ ಗಳಿಗೆ ನಿಲ್ಲಿಸಬೇಕೆನ್ನಿಸಿತ್ತು. ನಿನ್ನ ಪೇಟಿ ಕಣ್ಣ ಮುಂದೆ ಬಂತು. ಹಣ್ಣಿನ ಬುಟ್ಟಿಯನ್ನು ಕೆಳಗಿಟ್ಟು ಮುಂದುವರಿಸಿದೆ.

ಯಾರೋ ಮಾಸ್ತರರನ್ನು ಎಬ್ಬಿಸಲು ರಟ್ಟೆಗೆ ಕೈ ಹಾಕಿದರು, "ಭೈರವಿ ಆತಲ್ರೀ, ಏಳ್ರಿ." ಮಾಸ್ತರರು ಆ ಕೈಯನ್ನು ಕೊಡವಿಬಿಟ್ಟರು. "ಸುಮ್ಮನಿರಲೇ! ಅಕಿ ನಿಷಾದ ಬದ್ಲಿ ಮಾಡಾಕತ್ತಾಳ. ಎಲ್ಲಿಗೋ ಹೊಂಟಾಳ, ಕೇಳೂಣು" ಎಂದು ಇಡೀ ಮಂಟಪಕ್ಕೆ ಕೇಳುವಂತೆ ಗದರಿದರು.

ಅದೇ ಜಾಗ ಕಣೇ! ಕೋಮಲ ಸ್ವರಗಳು ಒಂದೊಂದಾಗಿ ಕಳಚಿ, ಮುಂಜಾವು ಹಿಂದೆ ಸರಿದು ಸಂಜೆಯಾಗುವ ಜಾಗ. ನಾನು ತಪ್ಪಿದಾಗಲೆಲ್ಲ ನೀನು ಸ್ವರ ಒತ್ತಿ ಹಿಡಿದು ಕಣ್ಣು ಕೆಂಪಗೆ ಮಾಡುತ್ತಿದ್ದೆಯಲ್ಲ, ಅಲ್ಲಿ ನಿನ್ನೆ ಒಂದು ಕೂದಲೆಳೆಯೂ ತಪ್ಪಲಿಲ್ಲ. ತೀವ್ರ ಮಧ್ಯಮ ಹಚ್ಚಿ ಯಮನಕ್ಕೆ ಇಳಿದೆ. ಕಣ್ಣು ತೆರೆದರೆ ಬಾಗಿಲಲ್ಲಿ ಜನ ನಿಂತಿದ್ದಾರೆ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಕಾಲು ಬರಿದು. ಹೊರಗೆ ಬೈಕು ಚಾಲೂ ಮಾಡಿದ್ದವರು ಬಂದ್ ಮಾಡಿ ಒಳಗೆ ಬಂದರು. ಯಾರೂ ಕೂರಲಿಲ್ಲ. ನಿಂತೇ ಕೇಳಿದರು. ಮೈಲಾರಪ್ಪ ವೇದಿಕೆಯ ಮೂಲೆಯಲ್ಲಿ ಹಾರ ಹಿಡಿದುಕೊಂಡೇ ಉಳಿದ.

ಇನ್ನೂ ಮಜಾ ಮುಂದಿದೆ. ಹಾಡು ಮುಗಿಸಿ ಕೈಮುಗಿದೆ. ಒಬ್ಬರೂ ಹೋಗಲೊಲ್ಲರು! ಚಪ್ಪಾಳೆಯೂ ಇಲ್ಲ. ಯಮನ ಎಂದರೆ ಅವರ ಲೆಕ್ಕದಲ್ಲಿ ಈಗಷ್ಟೇ ಶುರು. ಭೈರವಿ ಆಗದೆ ಮನೆಗೆ ಹೋಗುವುದು ಹೇಗೆ? ನಾನು ಅವರನ್ನು ನೋಡುತ್ತೇನೆ, ಅವರು ನನ್ನನ್ನು ನೋಡುತ್ತಾರೆ. ಕಡೆಗೆ ಮಾಸ್ತರರೇ ಕೋಲಿನಿಂದ ನೆಲ ತಟ್ಟಿ, "ತಂಗಿ, ಮಂದಿ ಮನಿಗೆ ಹೋಗ್ಬೇಕಲ್ಲ. ಆ ಭೈರವಿ ಇನ್ನೊಮ್ಮೆ ಹಾಡು" ಎಂದರು. ಹಾಡಿದೆ. ಅದೇ ಸಾಲು, ಇರು ಗೆಳತಿ. ಈ ಸಲ ಒಂದು ಕುರ್ಚಿಯೂ ಅಲುಗಲಿಲ್ಲ. ಮುಗಿದ ಮೇಲೆ ಬಿದ್ದ ಚಪ್ಪಾಳೆಗೆ ಆ ತಗಡಿನ ಚಾವಣಿ ಹಾರಿಹೋಗಬೇಕಿತ್ತು!

ಆಗ ನಿನ್ನ ಹೆಸರು ಹೇಳಿದೆ. ಇದನ್ನು ಕಟ್ಟಿದವಳು ಸವಣೂರಿನ ಮಾಹೀರಾ, ಇದೇ ಮಾಸ್ತರರ ಶಿಷ್ಯೆ ಎಂದೆ. ಮಾಸ್ತರರು ಚಪ್ಪಾಳೆ ತಟ್ಟಲಿಲ್ಲ. ಮಂಟಪ ಖಾಲಿಯಾದ ಮೇಲೂ ಮೊಣಕಾಲು ತಿಕ್ಕಿಕೊಳ್ಳುತ್ತ ಕೂತೇ ಇದ್ದರು. ಆಮೇಲೆ ಕೇಳಿದರು, "ಅಕಿ ನನ್ನ ಮಾತು ಇನ್ನೂ ಮನಸ್ಸಿನ್ಯಾಗ ಇಟ್ಟಾಳೇನು?" ಇಟ್ಟಿದ್ದಾಳೆ ಎಂದೆ. "ಇಡಬೇಕಾದ್ದ. ಮುದುಕ ಆದ್ರೂ ನನಗ ಬುದ್ಧಿ ಬರಲಿಲ್ಲ" ಎಂದು ಕಣ್ಣು ಒರೆಸಿಕೊಂಡರು. ಮುಂದೆ ಅವರು ಏನು ಹೇಳಿದರು ಎಂಬುದನ್ನು ಇಲ್ಲಿ ಬರೆಯಬಾರದೆಂದು ಆಣೆ ಹಾಕಿಸಿಕೊಂಡಿದ್ದಾರೆ.

ಈಗ ನಿನ್ನ ಶರತ್ತಿನ ವಿಚಾರ. ಜನ ಎದ್ದರು, ಹೌದು. ಆದರೆ ನಿನ್ನ ಹಾಡು ಬೇಡವೆಂದು ಎದ್ದದ್ದಲ್ಲ, ಭೈರವಿಗೆ ಮರ್ಯಾದೆ ಕೊಟ್ಟು ಎದ್ದದ್ದು. ತಿರುಗಿ ಬಂದದ್ದು ಮಾತ್ರ ನಿನಗಾಗಿ. ಶಿಗ್ಗಾಂವಿಯವರಿಗೆ ಚಹಾ ಕುಡಿಸಿ ಕಳಿಸು. ಪೇಟಿ ಕೊಟ್ಟೆಯೋ, ನಾನು ನಿನ್ನ ಗೆಳತಿಯೇ ಅಲ್ಲ, ತಿಳಕೋ!

ಇವತ್ತು ಸಂಜೆ ನನಗೆ ಹಿರೇಕೆರೂರಿನಲ್ಲಿ ಕಾರ್ಯಕ್ರಮ. ಅವರು ಬೆಳಿಗ್ಗೆಯೇ ಫೋನು ಮಾಡಿ, "ಆ ಉಲ್ಟಾ ಹಾಡು ಹಾಡ್ತೀರಲ್ರೀ?" ಎಂದು ಕೇಳಿದರು. ಹಾಡುತ್ತೇನೆ, ಆದರೆ ಒಬ್ಬಳೇ ಅಲ್ಲ. ಪೇಟಿ ಹಿಡಿದು ನನ್ನ ಎಡಗಡೆ ನೀನು ಕೂರಬೇಕು. ಇನ್ನೂ ಎಷ್ಟು ದಿನ ಮನೆಯೊಳಗೆ ಕೂತು ಕಟ್ಟುತ್ತೀ? ಪ್ರಶಾಂತನ ಕಾರಿನಲ್ಲಿ ಜಾಗ ಇದೆ, ಡಿಕ್ಕಿಯಲ್ಲಿ ಪೇಟಿಗೂ ಇದೆ. ನಿಮ್ಮ ಅಮ್ಮನಿಗೆ ನನ್ನ ಸಲಾಮು ಹೇಳು, ಬರುವಾಗ ದಾರಿಯಲ್ಲಿ ತಿನ್ನಲು ಸವಣೂರಿನ ಖಾರಾ ಮರೆಯಬೇಡ.

ನಿನ್ನ ಬಾಯಾಗಿ ಹಾಡುವವಳು,
ತನುಜಾ

ತಾ.ಕ.: ಆಣೆ ಮುರಿಯುತ್ತಿದ್ದೇನೆ. ನೀನು ಇದನ್ನು ಓದುವ ಹೊತ್ತಿಗೆ ಪ್ರಶಾಂತನ ಕಾರು ನಿಮ್ಮ ಓಣಿಯ ತುದಿಯಲ್ಲಿ, ಎಲೆ ಅಂಗಡಿಯ ಮುಂದೆ ನಿಂತಿರುತ್ತದೆ. ಹಿಂದಿನ ಸೀಟಿನಲ್ಲಿ ಮಾಸ್ತರರಿದ್ದಾರೆ. ಮುಖ ನೋಡಿದ ಕೂಡಲೇ ನೀನು ಬಾಗಿಲು ಹಾಕಿಕೊಳ್ಳುತ್ತೀ ಎಂಬ ಅಳುಕು ಅವರಿಗೆ. ಅದಕ್ಕೇ ನೀನು ಪತ್ರ ಓದಿ ಮುಗಿಸುವತನಕ ಕಾರಿನಿಂದ ಇಳಿಯುವುದಿಲ್ಲವೆಂದು ಹಟ ಹಿಡಿದಿದ್ದಾರೆ. ನಾನು ನೋಡಿದರೆ ಇಷ್ಟುದ್ದ ಬರೆದು ಆ ಜೀವವನ್ನು ಬಿಸಿಲಿನಲ್ಲಿ ಕೂರಿಸಿದ್ದೇನೆ. ಓಡೇ ಮಾರಾಯ್ತಿ, ಓಡು!