ಚಿನಾತ್ಸು ಕೌಂಟರಿಗೆ ನಿಂತ ದಿನ

ಜೂಜೊ, ಟೋಕಿಯೊ
ನವೆಂಬರ್ ಹತ್ತೊಂಬತ್ತು

ಪ್ರೀತಿಯ ಮಿನೆಕೊ ಅಕ್ಕನಿಗೆ,

ನಿನ್ನ ತಂಗಿ ಕಿನುಯೊ ಮಾಡುವ ನಮಸ್ಕಾರಗಳು. ನೀನು ಕಳಿಸಿದ ಸೇಬಿನ ಪೆಟ್ಟಿಗೆ ಬಂದು, ಹಣ್ಣು ಖಾಲಿಯಾಗಿ, ಪೆಟ್ಟಿಗೆಯಲ್ಲಿ ಈರುಳ್ಳಿ ತುಂಬಿಟ್ಟದ್ದೂ ಆಯಿತು. ಈಗ ಉತ್ತರ ಬರೆಯುತ್ತಿದ್ದೇನೆ. “ತಿನ್ನೋಕೆ ಬಾಯಿ ಬರುತ್ತೆ, ಬರೆಯೋಕೆ ಕೈ ಬರಲ್ಲ ಇವಳಿಗೆ” ಎಂದು ಭಾವನ ಹತ್ತಿರ ನನ್ನನ್ನು ಆಡಿಕೊಂಡಿರುತ್ತೀಯ, ಗೊತ್ತು. ಆಡಿಕೋ. ಆದರೆ ಈ ಸಲ ನಿಜವಾಗಿ ಕಾರಣವಿದೆ. ಮನೆಯಲ್ಲಿ ಅಪ್ಪ ಮಗಳಿಗೆ ಜಗಳ ಹತ್ತಿಕೊಂಡಿತ್ತು, ಅದು ಒಂದು ದಡ ಮುಟ್ಟಲಿ ಎಂದು ಕಾಯುತ್ತಿದ್ದೆ. ಭಾವನ ಮಂಡಿನೋವು ಹೇಗಿದೆ? ಈ ಚಳಿಯಲ್ಲಿ ತೋಟಕ್ಕೆ ಹೋಗಲು ಬಿಡಬೇಡ.

ನಮ್ಮ ಯಜಮಾನರ ಬಲಭುಜ ಹಿಡಿದುಕೊಂಡಿದೆ. ಹೋದ ತಿಂಗಳು ಒಂದು ಬೆಳಿಗ್ಗೆ ಮೀನು ಮಾರುಕಟ್ಟೆಯಿಂದ ಬಂದವರು, ಐಸಿನ ಪೆಟ್ಟಿಗೆ ಕೆಳಗಿಳಿಸುವಾಗ “ಅಯ್ಯೋ” ಎಂದು ಅಲ್ಲೇ ಕೂತುಬಿಟ್ಟರು. ಡಾಕ್ಟರು ಕೈಗೆ ಜೋಳಿಗೆ ಕಟ್ಟಿ, ವಸಂತ ಬರುವ ತನಕ ಚಾಕು ಮುಟ್ಟಬೇಡಿ ಎಂದರು. ಸುಶಿ ಅಂಗಡಿಯವನಿಗೆ ಹೇಳುವ ಮಾತೇ ಅದು! ಇವರು ಮನೆಯ ಹೊಸಿಲು ದಾಟುತ್ತಲೇ “ಇವತ್ತಿಂದ ಅಂಗಡಿ ಬಂದ್” ಎಂದರು.

ಎಂಟು ಕುರ್ಚಿಯ ಅಂಗಡಿ ನಮ್ಮದು. ಸ್ಟೇಷನ್ನಿನ ಎದುರಿಗೇ ತಟ್ಟೆಗಳು ತಾವಾಗಿ ತಿರುಗುತ್ತ ಬರುವ ದೊಡ್ಡ ಸುಶಿ ಅಂಗಡಿ ತೆರೆದಿದ್ದಾರೆ. ಅಷ್ಟು ದಿನ ಬಾಗಿಲು ಹಾಕಿದರೆ ನಮ್ಮ ಗಿರಾಕಿಗಳಿಗೆ ಅಲ್ಲಿಯೇ ರೂಢಿಯಾಗುತ್ತದೆ, ಅವರನ್ನು ಮತ್ತೆ ಕರೆತರುವುದು ಯಾರು? ಅದಕ್ಕಿಂತ ಹೆಚ್ಚಾಗಿ ನನಗೆ ಮಗಳು ಚಿನಾತ್ಸುವಿನ ಚಿಂತೆ. ಆರು ವರ್ಷದಿಂದ ಅಡುಗೆಮನೆಯಲ್ಲಿ ದುಡಿಯುತ್ತಿದ್ದಾಳೆ. ಅನ್ನ ಮಾಡುವುದು ಅವಳು, ವಿನೆಗರ್ ಬೆರೆಸಿ ಬೀಸಣಿಗೆ ಬೀಸುವುದು ಅವಳು, ಮೀನು ಹೆರೆದು ಸೀಳುವುದು ಅವಳು. ಗಿರಾಕಿಗಳು ಸಿಹಿಮೊಟ್ಟೆಯ ಸುರುಳಿ ತಿಂದು “ಯಜಮಾನ್ರೆ, ನಿಮ್ಮ ಕೈಗುಣವೇ ಬೇರೆ” ಎನ್ನುತ್ತಾರಲ್ಲ, ಆ ಕೈಯೂ ಅವಳದೇ. ಗಿರಾಕಿಯ ಮುಂದೆ ನಿಂತು ಸುಶಿ ಒತ್ತುವುದು ಮಾತ್ರ ಇವರ ಹಕ್ಕು. ಕೇಳಿದರೆ ಒಂದೇ ರಾಗ: “ಹೆಂಗಸರ ಕೈ ಬಿಸಿ. ಮೀನು ಬಾಡುತ್ತೆ.” ಹೋದ ಚಳಿಗಾಲದಲ್ಲಿ ಅವಳು ಐಸ್ ನೀರಿಗೆ ಕೈ ಅದ್ದಿ ಇವರ ಕತ್ತಿನ ಹಿಂದೆ ಇಟ್ಟು “ಈಗ ಹೇಳಪ್ಪ, ಬಿಸಿನಾ?” ಎಂದು ಕೇಳಿದ್ದಳು. ಇವರು ಕಿರುಚಿದ್ದು ಪಕ್ಕದ ತೋಫು ಅಂಗಡಿಗೂ ಕೇಳಿಸಿತ್ತು. ಆದರೂ ಪಟ್ಟು ಸಡಿಲಲಿಲ್ಲ.

ಬಂದ್ ಎಂದಿದ್ದೇ ತಡ, ಅವಳು ಮುಂದಕ್ಕೆ ಬಂದಳು. “ನಾನು ನಿಲ್ತೀನಿ ಅಪ್ಪ.”

“ನೀನಾ? ಗಿರಾಕಿಗಳು ನನ್ನ ನೋಡಿ ಬರೋರು.”

“ಹಾಗಾದ್ರೆ ನಾನು ಒಸಾಕಾಗೆ ಹೋಗ್ತೀನಿ. ಅಲ್ಲೊಂದು ಅಂಗಡೀಲಿ ಹೆಂಗಸರನ್ನ ಕೌಂಟರಿಗೆ ನಿಲ್ಲಿಸ್ತಾರೆ. ಸೋಮವಾರದ ಒಳಗೆ ಹೇಳಬೇಕು ಅಂದಿದ್ದಾರೆ.”

“ಹೋಗು, ಯಾರು ಹಿಡ್ಕೊಂಡಿದ್ದಾರೆ?”

ಮಗಳು ಒಳಗೆ ಹೋದಳು, ಇವರು ಅಂಗಡಿಯ ಟಿ.ವಿ. ಹಚ್ಚಿಕೊಂಡು ಗಿರಾಕಿಯ ಕುರ್ಚಿಯಲ್ಲಿ ಕೂತರು. ನನಗೆ ಹೆದರಿಕೆಯಾಯಿತು ಅಕ್ಕ. ಅವಳು ಹೋದರೆ ತಿರುಗಿ ಬರುವ ಪೈಕಿ ಅಲ್ಲ, ಹಟದಲ್ಲಿ ಅಪ್ಪನ ಮಗಳೇ. ಬೆಳಿಗ್ಗೆ ತಂದ ಮೀನೆಲ್ಲ ಇದ್ದೇ ಇತ್ತು. ಅವಳು ಮೂಗು ಒರೆಸಿಕೊಳ್ಳುತ್ತಲೇ ಅದನ್ನು ಸೀಳಿ ಉಪ್ಪು ಹಚ್ಚುತ್ತಿದ್ದಳು, ಹಾಳಾಗಲು ಬಿಡುವ ಹುಡುಗಿಯೇ ಅಲ್ಲ. ಐದು ಗಂಟೆಯಾಯಿತು. ನಾನು ಹೋಗಿ ಬಾಗಿಲಿಗೆ ನಮ್ಮ ನೀಲಿ ನೊರೆನ್ ಬಟ್ಟೆ ತೂಗುಹಾಕಿ ಬಂದೆ.

ಅದು ಹೊರಗೆ ತೂಗಿತೆಂದರೆ ಅಂಗಡಿ ತೆರೆದ ಹಾಗೆಯೇ. ಒಳಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವಂತಿಲ್ಲ. ಇವರೇ ಮಾಡಿಕೊಂಡು ಬಂದ ಕಟ್ಟುನಿಟ್ಟು. ಇವರು ಕೂತಲ್ಲೇ ತಿರುಗಿ “ಯಾರು ಹಾಕಿದ್ದು ಅದನ್ನ?” ಎನ್ನುವಷ್ಟರಲ್ಲಿ ಮೊರಿವಾಕಿಯವರು ಬಟ್ಟೆ ಸರಿಸಿಕೊಂಡು ಬಂದೇಬಿಟ್ಟರು. ತತಾಮಿ ಚಾಪೆ ಹೊಲಿಯುವ ಮುದುಕರು, ಅಂಗಡಿ ಶುರುವಾದಾಗಿನಿಂದ ಮೂಲೆಯ ಕುರ್ಚಿ ಅವರದೇ.

“ಕೈ ರೂಢಿ ರೀ, ಐದು ಹೊಡೆದ್ರೆ ತಾನಾಗೇ ಹೋಗುತ್ತೆ” ಎಂದೆ. ನೀನಾದರೂ ನಂಬು.

“ಏನಯ್ಯಾ ಇಸಾಮು, ಗಿರಾಕಿ ಜಾಗದಲ್ಲಿ ಕೂತಿದ್ದೀಯ, ಕೈಗೆ ಜೋಳಿಗೆ ಬೇರೆ. ಭಿಕ್ಷಕ್ಕೆ ಹೊರಟ್ಯಾ?” ಎಂದರು ಮೊರಿವಾಕಿ. ಯಜಮಾನರು ನನ್ನತ್ತ ನೋಡಿದ ನೋಟಕ್ಕೆ ಅಲ್ಲಿದ್ದ ಮೀನೆಲ್ಲ ಬೆಂದುಹೋಗಬೇಕಿತ್ತು. ಆದರೆ ಗಿರಾಕಿ ಕೂತಾಗಿತ್ತು, ನಾನು ಬಿಸಿ ಟವೆಲ್ ಕೊಟ್ಟಾಗಿತ್ತು. ಚಿನಾತ್ಸು ಕೈ ತೊಳೆದು, ತಲೆಗೆ ಬಿಳಿ ಬಟ್ಟೆ ಬಿಗಿದು, ಅಪ್ಪ ನಿಲ್ಲುವ ಜಾಗದಲ್ಲಿ ಬಂದು ನಿಂತಳು.

ಮೊರಿವಾಕಿಯವರಿಗೆ ಮೊದಲು, ಅಗಿದಷ್ಟೂ ರಬ್ಬರಿನ ಹಾಗೆ ಎಳೆಯುವ ಬೊಂಡಾಸ್ ಮೀನು ಕೊಡುವುದು ಇವರ ಪದ್ಧತಿ. ಅವರು ಕೇಳಲಿ ಬಿಡಲಿ, ಕೂತ ಕೂಡಲೇ ಬೊಂಡಾಸ್. ಇವರಿಗೆ ಅದರ ಮೇಲೆ ಭಾರೀ ಹೆಮ್ಮೆ. ಚಿನಾತ್ಸು ಅದನ್ನು ದಾರದಷ್ಟು ಸಣ್ಣಗೆ ಹೆಚ್ಚಿ, ಪುಟ್ಟ ಅನ್ನದ ಉಂಡೆಯ ಮೇಲೆ ಕೂರಿಸಿ ಇಟ್ಟಳು. ಇವರು ಕೂತಲ್ಲಿಂದಲೇ “ಇದೇನು, ಮಕ್ಕಳಾಟ ಮಾಡಿಟ್ಟಿದ್ದೀಯ?” ಎಂದು ಗದರಿದರು. ಮುದುಕರು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ಕಣ್ಣು ಮುಚ್ಚಿದರು.

“ಇನ್ನೊಂದು ಕೊಡಮ್ಮ.”

“ನನ್ನ ಹತ್ರ ಯಾವತ್ತೂ ಎರಡನೇದು ಕೇಳಿಲ್ವಲ್ಲ ನೀವು!” ಇವರ ದನಿಯೇ ಬದಲಾಗಿತ್ತು.

“ಹೊಸ ಹಲ್ಲು ಕಟ್ಟಿಸಿಕೊಂಡ ಮೇಲೆ ನಿನ್ನ ಬೊಂಡಾಸ್ ಅಗಿಯೋಕಾಗಲ್ಲ ಕಣಯ್ಯಾ. ಕರವಸ್ತ್ರದಲ್ಲಿ ಸುತ್ಕೊಂಡು ಹೋಗಿ ಬೆಕ್ಕಿಗೆ ಹಾಕ್ತಿದ್ದೆ. ನೀನು ಅಷ್ಟು ಪ್ರೀತಿಯಿಂದ ಇಡೋವಾಗ ಬೇಡ ಅನ್ನೋಕೆ ಬಾಯಿ ಬರುತ್ತಾ?”

“ಬೆಕ್ಕಿಗಾ?”

“ಅದೂ ಈಗೀಗ ಮೂಸಿ ನೋಡಿ ಹೋಗುತ್ತೆ.”

ನನಗೆ ನಗು ತಡೆಯಲಾಗಲಿಲ್ಲ, ಚಹಾ ತರುವ ನೆವದಲ್ಲಿ ಒಳಗೆ ಓಡಿದೆ. ಕರವಸ್ತ್ರದ ವಿಷಯ ನನಗೂ ಚಿನಾತ್ಸುಗೂ ಮೊದಲೇ ಗೊತ್ತಿತ್ತು. ಇವರಿಗೆ ಹೇಳುವ ಧೈರ್ಯ ಯಾರಿಗಿತ್ತು? ತಿರುಗಿ ಬಂದಾಗ ಇವರು ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಎಡಗೈಯಿಂದ ತಟ್ಟೆಯನ್ನು ಮುಂದಕ್ಕೆ ತಳ್ಳಿ, “ನನಗೂ ಒಂದು ಕೊಡು” ಎಂದರು. ಅವಳು ಒತ್ತಿ ಇಟ್ಟಳು. ಇವರು ತಿಂದರು, ಚಹಾ ಕುಡಿದರು.

“ಅನ್ನ ಸ್ವಲ್ಪ ಸಡಿಲ ಆಯ್ತು.”

“ನಾಳೆ ಬಿಗಿ ಮಾಡ್ತೀನಿ ಅಪ್ಪ.”

ನಾಳೆ ಎಂದದ್ದಕ್ಕೆ ಇವರು ಬೇಡವೆನ್ನಲಿಲ್ಲ. ಸೋಮವಾರ ಬಂತು, ಹೋಯಿತು, ಒಸಾಕಾಗೆ ಯಾರೂ ಫೋನ್ ಮಾಡಲಿಲ್ಲ. ಅಂದಿನಿಂದ ಇವರು ದಿನವೂ ಸಂಜೆ ಗಿರಾಕಿಯ ಕುರ್ಚಿಯಲ್ಲಿ ಕೂತು ಇದು ದಪ್ಪ, ಅದು ತೆಳು ಎಂದು ಅವಳ ಪ್ರಾಣ ಹಿಂಡಿದರು. ಅವಳೂ ಮಾತಿಗೆ ಮಾತು ತಿರುಗಿ ಕೊಡುತ್ತಿದ್ದಳು. ಗಿರಾಕಿಗಳು ಈಗ ಅದನ್ನು ನೋಡಲೆಂದೇ ಬರುತ್ತಾರೇನೋ! ಹೋದ ವಾರ ಇವರು ಅವಳನ್ನು ಮಾರುಕಟ್ಟೆಗೆ ಕರೆದುಕೊಂಡು ಹೋಗಿ, ತಮಗೆ ಯಾವಾಗಲೂ ಟ್ಯೂನಾ ಮೀನು ಮಾರುವವರ ಮುಂದೆ ನಿಲ್ಲಿಸಿ, “ಇನ್ಮೇಲೆ ಇವಳು ಆರಿಸಿದ್ದು ಕೊಡಿ. ನಮ್ಮಂಗಡಿ ಕೈ ಇದು” ಎಂದರಂತೆ. ಮನೆಗೆ ಬಂದು ಅವಳು ಅದನ್ನು ನನಗೆ ಹೇಳುತ್ತ ಅತ್ತಳು, ನಾನೂ ಅತ್ತೆ. ಇವರು ಏನೂ ಆಗದವರ ಹಾಗೆ ಕಾಲುಗುರು ಕತ್ತರಿಸುತ್ತಿದ್ದರು.

ಹೀಗೆ ನಾವೆಲ್ಲ ಸುಖವಾಗಿದ್ದೇವೆ ಅಕ್ಕ. ಹೊಸ ವರ್ಷಕ್ಕೆ ಭಾವನನ್ನು ಕರೆದುಕೊಂಡು ಬಾ, ನಮ್ಮ ಚಿನಾತ್ಸು ಕೈಯ ಸುಶಿ ತಿಂದು ಹೋಗುವೆಯಂತೆ. ನಿಮ್ಮಿಬ್ಬರ ಮೈಕೈ ಗಟ್ಟಿಯಾಗಿರಲಿ, ಮೊಮ್ಮಕ್ಕಳು ಚೆನ್ನಾಗಿ ಓದಲಿ.

ನಿನ್ನ ತಂಗಿ,
ಕಿನುಯೊ

ತಾ. ಕ.: ಕವರು ಅಂಟಿಸುವ ಮುಂಚೆ ಇನ್ನೊಂದು ಮಾತು. ಮೊನ್ನೆ ಬುಧವಾರ ವಾರದ ರಜೆ, ಇವರು ಆಸ್ಪತ್ರೆಗೆ ಹೋಗಿದ್ದರು. ಚಿನಾತ್ಸು ನನ್ನ ಏಪ್ರನ್ ಬಿಚ್ಚಿ ನನ್ನನ್ನು ಗಿರಾಕಿಯ ಕುರ್ಚಿಯಲ್ಲಿ ಕೂರಿಸಿದಳು. ಈ ಅಂಗಡಿಗೆ ಮದುವೆಯಾಗಿ ಬಂದಾಗಿನಿಂದ ನಾನು ಆ ಕಡೆ ಕೂತೇ ಇರಲಿಲ್ಲ. ಹರಿದ ಮೊಟ್ಟೆಸುರುಳಿ, ಮೀನಿನ ತುದಿಬಾಲ, ಚಹಾ ಹುಯ್ದ ತಣ್ಣನ್ನ, ಇವನ್ನೇ ಅಡುಗೆಮನೆಯಲ್ಲಿ ನಿಂತು ತಿಂದು ಮುಗಿಸುವವಳು ನಾನು. ಅವಳು ಬಿಸಿ ಟವೆಲ್ ಕೊಟ್ಟು, ಚಹಾ ಇಟ್ಟು, “ಅಮ್ಮ, ನಿಂಗೇನಿಷ್ಟ ಹೇಳು, ಮಾಡಿಕೊಡ್ತೀನಿ” ಎಂದಳು. ಈ ಬೀದಿಯಲ್ಲಿ ಯಾರಿಗೆ ಏನಿಷ್ಟ ಎಂದು ನನಗೆ ಬಾಯಿಪಾಠ. ನನ್ನದು ಮಾತ್ರ ಬಾಯಿಗೆ ಬರಲಿಲ್ಲ. ಎಷ್ಟು ಯೋಚಿಸಿದರೂ ಬರಲಿಲ್ಲ ಅಕ್ಕ. ಕೊನೆಗೆ “ಏನು ಉಳಿದಿದೆಯೋ ಅದನ್ನೇ ಕೊಡು” ಎಂದೆ. ಹುಡುಗಿ ಆಚೆ ತಿರುಗಿಕೊಂಡು ನಲ್ಲಿ ಬಿಟ್ಟು ಕಣ್ಣು ತೊಳೆದುಕೊಂಡಳು. ಬರುವ ಬುಧವಾರ ಮತ್ತೆ ಕೇಳುತ್ತಾಳಂತೆ. ನಮ್ಮಮ್ಮ ಈಗಿಲ್ಲ, ಇನ್ನು ನಿನ್ನನ್ನು ಬಿಟ್ಟರೆ ನಾನು ಯಾರನ್ನು ಕೇಳಲಿ? ಚಿಕ್ಕವಳಿದ್ದಾಗ ನಾನು ಏನನ್ನು ಇಷ್ಟಪಟ್ಟು ತಿನ್ನುತ್ತಿದ್ದೆ? ನಿನಗೆ ನೆನಪಿದ್ದರೆ ಬರೆ.