ಅಪ್ಪನ ಹೆಸರಿಗೆ ಬಂದ ರಿಜಿಸ್ಟರ್ ಪತ್ರ

ಮಕ್ಕಳ ದೂರು ಆಲಿಸುವ ಕಚೇರಿಯ ಮಾನ್ಯ ಅಧಿಕಾರಿಗಳೇ,

ನೀವು ಕಳಿಸಿದ ರಿಜಿಸ್ಟರ್ ಪತ್ರವನ್ನು ನಾನು ಬೇಕೆಂದೇ ಮುಟ್ಟಿಸಿಲ್ಲ. ಹುನಗುಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಟಪಾಲು ಹಂಚುತ್ತಿದ್ದೇನೆ. ಬಾಗಿಲು ಹಾರುಹೊಡೆದಿದ್ದ ಮನೆಗೆ ‘ಬಾಗಿಲು ಹಾಕಿದೆ’ ಎಂದು ಷರಾ ಬರೆದದ್ದು ಇದೇ ಮೊದಲು. ತಪ್ಪು ನನ್ನದೇ, ಆದರೆ ಅದರಲ್ಲಿ ನಿಮ್ಮ ಪಾಲೂ ಇದೆ. ನೇರವಾಗಿ ನಿಮಗೇ ಬರೆಯಬಹುದಿತ್ತು. ಇದರದೂ ಒಂದು ಪ್ರತಿಯನ್ನು ಆ ಮನೆಗೇ ಕಳಿಸಿಬಿಟ್ಟೀರಿ ಎಂಬ ಹೆದರಿಕೆಯಿಂದ ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ಆ ಮನೆಯ ಯಜಮಾನ ಪೇಪರಿನಲ್ಲಿ ಕ್ರಿಕೆಟ್ ಪುಟ ಬಿಟ್ಟು ಬೇರೆ ನೋಡುವುದಿಲ್ಲ. ಆದರೂ ಊರಿನ ಹೆಸರು ಹೇಳುವುದಿಲ್ಲ.

ನಡೆದದ್ದಿಷ್ಟು. ನಿಮ್ಮವರು ನಮ್ಮೂರ ಶಾಲೆಗೆ ಬಂದು ಗೋಡೆಗೊಂದು ಪೆಟ್ಟಿಗೆ ಹೊಡೆದು, ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಹೆದರದೆ ಬರೆದು ಹಾಕಿ, ಗುಟ್ಟಾಗಿಡುತ್ತೇವೆ ಎಂದು ಭಾಷಣ ಮಾಡಿದರು. ಫೋಟೊ ಚೆನ್ನಾಗಿ ಬಂದಿತ್ತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು, ರಾಧಿಕಾ ಎಂದಿಟ್ಟುಕೊಳ್ಳಿ, ನಂಬಿ ಬರೆದಳು. ನೀವೂ ಎರಡೇ ವಾರಕ್ಕೆ ಉತ್ತರ ಕಳಿಸಿದಿರಿ. ಸರ್ಕಾರಿ ಕಚೇರಿಯ ಇಂಥ ಚುರುಕನ್ನು ನನ್ನ ಸರ್ವಿಸಿನಲ್ಲೇ ಕಂಡಿಲ್ಲ. ಹೆಸರು ಮಾತ್ರ ಅವಳ ಅಪ್ಪನದು. ಲಕೋಟೆಯ ಮೇಲೆ ‘ವಿಷಯ: ತಮ್ಮ ಮಗಳು ನೀಡಿದ ದೂರು’ ಎಂದು ಕನ್ನಡಕವಿಲ್ಲದೆ ಓದುವಷ್ಟು ದಪ್ಪಗೆ ಬರೆದಿತ್ತು. ಕುರಿ ಕಾಯಲು ತೋಳನನ್ನು ನೇಮಿಸಿದ ಗಾದೆ ಕೇಳಿದ್ದೆ. ಕುರಿ ಕೊಟ್ಟ ದೂರನ್ನು ತೋಳನಿಗೇ ರಿಜಿಸ್ಟರ್ ಮಾಡಿದ್ದನ್ನು ಈಗ ಕಂಡೆ.

ಉತ್ತರ ಬಂತೇ ಎಂದು ದಿನವೂ ಕೇಳಿ ಹೋಗುತ್ತಿದ್ದ ಹುಡುಗಿ ಅಂದೂ ಬಂದು, ಟಪಾಲು ವಿಂಗಡಿಸುತ್ತಿದ್ದ ನನ್ನ ಮುಂದೆ ಆ ಲಕೋಟೆ ನೋಡಿದಳು. ಅಳಲಿಲ್ಲ.

“ನಾ ಅಪ್ಪನ ಸುದ್ದಿ ಅವರಿಗೆ ಬರದಿದ್ದೆ, ಕಾಕಾ. ಅವರು ಅಪ್ಪಗ ಬರದಾರಲ್ರಿ,” ಎಂದಳು.

ಆ ಮನೆ ನನಗೆ ಗೊತ್ತು. ತಾಯಿ ಈ ವರ್ಷ ಮೂರು ಸಲ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ ಎಂಬುದು ಓಣಿಯ ಅಧಿಕೃತ ವರದಿ. ಬಚ್ಚಲ ಕಲ್ಲು ಮಾತ್ರ ಹಿಮ್ಮಡಿ ತಿಕ್ಕುವಷ್ಟು ಒರಟು. ರಾಧಿಕಾಳ ಆರು ವರ್ಷದ ತಂಗಿ ಅಪ್ಪನ ಬೈಕಿನ ಸದ್ದಾದರೆ ಹಗ್ಗ ಹೆಣೆದ ಹೊರಸಿನ ಕೆಳಗೆ ಹೋಗಿ ಕೂರುತ್ತಾಳೆ. ಒಂದು ದಿನ ನನ್ನ ಬೈಕಿನ ಸದ್ದಿಗೂ ಹೋದಳು. ಆಮೇಲಿಂದ ಗಾಡಿಯನ್ನು ಓಣಿಯ ಮೂಲೆಯಲ್ಲೇ ನಿಲ್ಲಿಸಿ ನಡೆದು ಹೋಗುತ್ತೇನೆ. ಏಟು ಬೀಳುವುದು ತಾಯಿಗೆ, ಮಕ್ಕಳಿಗೆ ಗಾಯವಿಲ್ಲ ಎಂದು ನಿಮ್ಮ ಫಾರಂ ಹೇಳಬಹುದು. ಹೊರಸಿನ ಕೆಳಗೆ ಕೂತ ಮಗುವಿಗೆ ನಿಮ್ಮ ಫಾರಮಿನಲ್ಲಿ ಯಾವ ಕಾಲಂ ಇದೆ?

ರಿಜಿಸ್ಟರ್ ಪತ್ರವನ್ನು ನಾವು ಏಳು ದಿನ ಇಟ್ಟುಕೊಳ್ಳುತ್ತೇವೆ. ಸೋಮವಾರ ಅದು ನಿಮ್ಮ ಕಡೆಗೆ ಹೊರಡುತ್ತದೆ. ದಯಮಾಡಿ ಮತ್ತೆ ಕಳಿಸಬೇಡಿ. ಅಂದು ನಾನು ರಜೆಯಲ್ಲಿದ್ದರೆ ಆ ಹುಡುಗಿಯ ಗತಿ ಏನು? ನೀವೇ ಶಾಲೆಗೆ ಬನ್ನಿ. ಬೋರ್ಡು ಹಾಕಿದ ಜೀಪು ಬೇಡ, ಫೋಟೊ ತೆಗೆಯುವವರೂ ಬೇಡ. ಮಕ್ಕಳ ಮನಸ್ಸು ಬಲ್ಲ ಹೆಣ್ಣುಮಗಳೊಬ್ಬರನ್ನು ಕರೆತಂದು, ಪಾಠ ಹೇಳುವ ಅಕ್ಕೋರ ಕೋಣೆಯಲ್ಲಿ ಕೂತು ಅವಳ ಮಾತು ಕೇಳಿ. ಒಂದು ಸಲ ಕೇಳಿ ಫೈಲು ಮುಚ್ಚಬೇಡಿ, ವಾರವಾರವೂ ಬನ್ನಿ. ತಾಯಿಗೂ ಮಕ್ಕಳಿಗೂ ಭಯವಿಲ್ಲದ ಜಾಗ ಗೊತ್ತು ಮಾಡಿದ ಮೇಲೆ ಅಪ್ಪನಿಗೆ ಎಷ್ಟು ಬೇಕಾದರೂ ನೋಟಿಸು ಬರೆಯಿರಿ. ನಾನೇ ಒಯ್ದು ಸಹಿ ಹಾಕಿಸುತ್ತೇನೆ.

ನಿನ್ನೆ ರಾಧಿಕಾ ಇನ್ನೊಂದು ಪತ್ರ ಕೊಟ್ಟಿದ್ದಾಳೆ, ನಿಮಗೇ. ಇಷ್ಟಾದರೂ ನಿಮ್ಮನ್ನು ನಂಬಿದ್ದಾಳೆ. ‘ಇಂದ’ ಎಂಬಲ್ಲಿ ಈ ಸಲ ಮನೆಯ ವಿಳಾಸವಿಲ್ಲ. ‘ಪೋಸ್ಟ್ ಕಾಕಾನ ಕೈಯಾಗ ಕೊಡ್ರಿ, ಮನಿಗೆ ಬ್ಯಾಡ್ರಿ’ ಎಂದು ಬರೆದಿದ್ದಾಳೆ. ಅದನ್ನು ನಾನೇ ತಂದು ನಿಮ್ಮ ಮೇಜಿನ ಮೇಲೆ ಇಡುತ್ತೇನೆ.

ಅದಕ್ಕೆ ಉತ್ತರ ಬರೆಯಬೇಡಿ. ಬನ್ನಿ.

ಇಂತಿ,
ನಿಮ್ಮ ಪತ್ರ ಮುಟ್ಟಿಸದ, ಅವಳದನ್ನು ಮುಟ್ಟಿಸಿಯೇ ತೀರುವ,
ಸುಳ್ಳು ಷರಾ ಬರೆದ ಟಪಾಲಿನವ